ವಾಕಿಂಗ್ ಹೊರಟವಳ ಕೈಗೆ ತೆಂಗಿನಕಾಯಿ

ಬ್ಯಾಡಗಿಯಿಂದ ಕದರಮಂಡಲಗಿಯತ್ತ ನಡೆಯುತ್ತಿದ್ದ ನನ್ನನ್ನು ತಡೆದು, ಅಪರಿಚಿತ ಅಜ್ಜಿಯೊಬ್ಬರು ಕೈಗೆ ತೆಂಗಿನಕಾಯಿ ಇಟ್ಟರು. “ಮೂರು ಶನಿವಾರದಿಂದ ನೀ ನಡಕೊಂಡು ಹೋಗೋದು ನೋಡಾಕತ್ತೇನಿ, ಯವ್ವಾ. ನನ್ನ ಮೊಮ್ಮಗಳಿಗೆ ಇನ್ನೂ ಮಾತು ಬಂದಿಲ್ಲ. ಕದರಮಂಡಲಗಿ ಹಣಮಪ್ಪನ ಗುಡ್ಯಾಗ ಇದನ್ನ ಒಡಸು. ನಡಕೊಂಡು ಹೋಗೋರ ಹರಕಿ ಲಗೂ ಮುಟ್ಟತೈತಿ.”

ಮಕ್ಕಳನ್ನು ಅವರಪ್ಪ ಶಾಲೆಗೆ ಕಳಿಸುವ ಶನಿವಾರ ಮಾತ್ರ ನನಗೆ ಒಂದು ತಾಸು ಬಿಡುವು. ಎರಡು ಕಿಲೋಮೀಟರ್ ನಡೆದು ಮರಳಿ, ಕಚೇರಿಗೆ ಹೊರಡುತ್ತೇನೆ.

“ನಂದು ಹರಕಿ ಅಲ್ಲ ಅಜ್ಜಿ, ಸಕ್ಕರಿ ಕಾಯಿಲೆಗೆ ಡಾಕ್ಟರು ನಡೀರಿ ಅಂದಾರ” ಎಂದೆ.

“ಬ್ಯಾನಿ ಸಲುವಾಗೇ ಅಲ್ಲೇನು ಹರಕಿ ಹೊರೋದು?” ಎಂದರು ಅವರು.

ಅಂದು ಎರಡು ಕಿಲೋಮೀಟರಿಗೆ ಮರಳದೆ ಗುಡಿಯವರೆಗೂ ನಡೆದು ಕಾಯಿ ಒಡೆಸಿದೆ. ಕಚೇರಿಯಲ್ಲಿ, ತಡವಾಗಿ ಬಂದದ್ದಕ್ಕೆ ಕಾರಣ ಬರೆಯುವಾಗ ವ್ಯಾಯಾಮ ಎನ್ನಬೇಕೋ ಹರಕೆ ಎನ್ನಬೇಕೋ ತಿಳಿಯದೆ, ‘ಸ್ವಂತ ಕೆಲಸ’ ಎಂದು ಬರೆದೆ. ಅದಾದರೂ ಸರಿಯೋ ಅಲ್ಲವೋ ಈಗಲೂ ಗೊತ್ತಿಲ್ಲ.