ಗಂಗಕ್ಕನ ಡಬ್ಬಿಯಲ್ಲಿ ಬಂದ ಮೆಮೊರಿ

ಆಗ ನಮ್ಮ ಹಗರಿಬೊಮ್ಮನಹಳ್ಳಿಯ ಕಾಲೇಜೊಂದರ ಸರ್ವರಿಗೆ ವೆಬ್ ಸಾಫ್ಟ್‌ವೇರ್ ಹಾಕುತ್ತಿದ್ದೆ. ಮರುದಿನವೇ ಅಡ್ಮಿಷನ್ ಶುರು. ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗಲೆಲ್ಲ ಮೆಮೊರಿ ಸಾಲದೆ ನಿಂತುಬಿಡುತ್ತಿತ್ತು. ಹೊಸ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್, ಬೇಕೆಂದರೆ ಹೊಸಪೇಟೆಯಿಂದ ತರಿಸಬೇಕು.

ಎದುರಿಗೆ ಡಿಟಿಪಿ ಅಂಗಡಿ ಇಟ್ಟಿದ್ದ ಗಂಗಕ್ಕನ ಮುಂದೆ ಗೋಳಾಡಿದೆ. "ನನ್ನ ಮಷೀನ್ಯಾಗ ಎರಡು ಅದಾವಲ್ಲ, ಒಂದು ಒಯ್ಯಿ," ಎಂದವಳೇ ಬಿಚ್ಚಿ, ತನ್ನ ತಿಂಡಿ ಡಬ್ಬಿಯಲ್ಲಿಟ್ಟು ಕೊಟ್ಟಳು.

"ಅಕ್ಕಾ, ನಿನ್ನ ಮಷೀನ್ ನಿಧಾನ ಆಗತೈತಲ್ಲ?"

"ಆಗಲಿ ಬಿಡು. ಲಗ್ನಪತ್ರಿಕಿ ಒಂದಿನ ತಡ ಆದ್ರ ಲಗ್ನ ಏನು ನಿಂದ್ರಂಗಿಲ್ಲ."

ಅದನ್ನು ಸಿಕ್ಕಿಸಿದ ಮೇಲೆ ಇನ್‌ಸ್ಟಾಲ್ ಮುಗಿದು ಅಡ್ಮಿಷನ್ ಸಾಗಿತು. ವಾರದ ಮೇಲೆ ಹೊಸದು ಬಂತು. ಅವಳದನ್ನು ಅದೇ ಡಬ್ಬಿಗೆ ಹಾಕಿ ಮನೆಯಲ್ಲಿಟ್ಟಿದ್ದೆ, ಬೆಳಿಗ್ಗೆ ಒಯ್ದುಕೊಟ್ಟೆ. ಗಂಗಕ್ಕ ಮುಚ್ಚಳ ತೆಗೆದರೆ ಡಬ್ಬಿ ತುಂಬ ಸಕ್ಕರೆ, ತಳದಲ್ಲಿ ರ‍್ಯಾಮ್! ಇಸಕೊಂಡ ಡಬ್ಬಿ ಬರಿದು ಕೊಡಬಾರದೆಂದು ಅವ್ವ ಸುರಿದಿದ್ದಳು. ಒಳಗಿದ್ದದ್ದು ತಿನ್ನುವ ವಸ್ತುವಲ್ಲವಾದ್ದರಿಂದ ಅವಳ ಪಾಲಿಗೆ ಡಬ್ಬಿ ಬರಿದೇ.

ನಾನು ನಾಚಿ ನಿಂತೆ. ಗಂಗಕ್ಕ ರ‍್ಯಾಮ್ ಝಾಡಿಸಿ, ಹಳೇ ಬ್ರಷ್‌ನಿಂದ ಉಜ್ಜಿ ಸಿಕ್ಕಿಸಿದಳು. ಮಷೀನು ಚಾಲೂ ಆಯಿತು. "ನಿಮ್ಮವ್ವಗ ಹೇಳು, ಒಂದು ವಾರದ ಚಾಕ್ಕ ಸಕ್ರಿ ಆತು ಅಂತ."

ತಿಂಗಳುಗಟ್ಟಲೆ ಆ ಮಷೀನಿಗೆ ಇರುವೆ ಹತ್ತುತ್ತಿತ್ತು. ಈಗ ಕ್ಲೌಡ್ ಸರ್ವರಿನಲ್ಲಿ ಬಟನ್ ಒತ್ತಿದರೆ ಎಷ್ಟು ಬೇಕಾದರೂ ಮೆಮೊರಿ ಸಿಗುತ್ತದೆ. ಒಂದು ಇರುವೆಯೂ ಬರುವುದಿಲ್ಲ.