ಶಶಿಧರ್ ವಕೀಲರು ಕೂತ ಭಾನುವಾರ

ಚಿಕ್ಕಮಗಳೂರಿನ ಶಶಿಧರ್ ವಕೀಲರು ಒಂದು ಕಡೆ ಕೂರುವ ಜನವೇ ಅಲ್ಲ. ಇಷ್ಟು ವರ್ಷ ಕಾಫಿ ಕಂಪನಿಗಳ, ವಿಮಾ ಕಂಪನಿಗಳ ಕೇಸು ನಡೆಸಿದರೂ ಅವರ ಆಫೀಸಿನ ಕುರ್ಚಿ ಇನ್ನೂ ಹೊಸದಾಗಿಯೇ ಇದೆ. ಕಕ್ಷಿದಾರರು ಕೂತು ಮಾತಾಡಬೇಕು. ಇವರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಭಾನುವಾರವಾದರೂ ಮನೆಯಲ್ಲಿರುತ್ತಾರೋ? ಎಲ್ಲಿ ಬಂತು! ಬಣಕಲ್‌ಗೆ ಓಡಿ, ಅಲ್ಲಿನ ಸಮುದಾಯ ಭವನದಲ್ಲಿ ತೋಟದ ಕೆಲಸದವರಿಗೆ ಪುಕ್ಕಟೆ ಕಾನೂನು ಹೇಳುತ್ತಾರೆ. ಅದೂ ನಿಂತೇ.

"ಕೋರ್ಟಲ್ಲಿ ಸಾಹುಕಾರ್ರ ಮರ್ಯಾದೆ ಕಾಯೋಕೆ ಹೋಗ್ಬೇಡಿ. ನಡೆದದ್ದು ಹೇಳಿ," ಎನ್ನುವುದು ಪ್ರತಿ ಭಾನುವಾರದ ಪಲ್ಲವಿ. ಅದನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವಳು ಅಲ್ಲಿ ಕಾಫಿ ಕಾಸಿ ಹಂಚುವ ತಿಮ್ಮಮ್ಮ.

ತಿಮ್ಮಮ್ಮನ ಮಗ ಗಿರಿ, ತಾನು ದುಡಿಯುತ್ತಿದ್ದ ತೋಟದ ಸಾಹುಕಾರರ ಪಿಕಪ್ ಗಾಡಿ ಮಗುಚಿ ತೀರಿಕೊಂಡ. ಪರಿಹಾರದ ಕೇಸಿನಲ್ಲಿ ವಿಮಾ ಕಂಪನಿಯ ವಕೀಲರು ಯಾರೆಂದು ನೋಡಿದರೆ, ಇದೇ ಶಶಿಧರ್!

"ಬೇರೆಯವರಿಗೆ ಕೊಡಿ ಮಾರಾಯ್ರೆ, ಆಕೆ ಕೈಯ ಕಾಫಿ ಕುಡಿದೋನು ನಾನು," ಎಂದು ಅವರು ಕಂಪನಿಯ ಅಧಿಕಾರಿಯ ಮುಂದೆ ಗೋಗರೆದರು.

"ಒಂದು ಲೋಟ ಕಾಫಿ ಕುಡಿದಿದ್ದಕ್ಕೆ ಕೇಸ್ ಬಿಡ್ತೀರಾ?" ಅಧಿಕಾರಿ ನಕ್ಕ.

"ಕೋರ್ಟಲ್ಲಿ ನಿಂತ್ರೆ ನಿಜಾನೇ ಕೇಳ್ತೀನಿ. ಆಮೇಲೆ ನನ್ನ ಬೈಬೇಡಿ."

"ಕೇಳಿ, ಯಾರು ಬೇಡ ಅಂದ್ರು?"

ಕಾನೂನು ಸರಳ. ಸರಕಿನ ಗಾಡಿಯಲ್ಲಿ ಮಾಲೀಕನ ಕೆಲಸದ ಮೇಲೆ ಹೋಗುತ್ತಿದ್ದ ಆಳು ಸತ್ತರೆ ಕಂಪನಿ ಪರಿಹಾರ ಕೊಡಬೇಕು; ಸುಮ್ಮನೆ ಹತ್ತಿಕೊಂಡವನಿಗೆ ಕೊಡಬೇಕಿಲ್ಲ. ಗಿರಿ ಕೆಲಸದ ಮೇಲಿದ್ದ ಎಂದೇ ತಿಮ್ಮಮ್ಮನ ಅರ್ಜಿಯಲ್ಲಿತ್ತು. ಆದರೆ ಕಟಕಟೆ ಹತ್ತಿದವಳಿಗೆ ಎದುರು ಕೂತ ಸಾಹುಕಾರರು ಕಂಡರು. ತಲೆ ತಗ್ಗಿಸಿ, "ಕೆಲಸ ಇರ್ಲಿಲ್ಲ ಸ್ವಾಮಿ. ನಡ್ಕೊಂಡು ಬರ್ತಿದ್ದೋನ್ನ ನಮ್ಮ ಸಾಹುಕಾರ್ರು ಪಾಪ ಅಂತ ಹತ್ತಿಸ್ಕೊಂಡ್ರು," ಅಂದುಬಿಟ್ಟಳು. ಕೆಲಸಕ್ಕೆ ಕರೆದೊಯ್ದು ಸಾಯಿಸಿದರು ಎಂದು ಅನ್ನ ಕೊಟ್ಟ ಮನೆಗೆ ಕೆಟ್ಟ ಹೆಸರು ಬರಬಾರದಂತೆ! ಅಯ್ಯೋ ಪುಣ್ಯಾತ್ಗಿತ್ತಿ, ಬಾಯಿ ನೋಯುವಷ್ಟು ಹೇಳಿದ್ದೆನಲ್ಲ ಎಂದು ಶಶಿಧರ್ ಒಳಗೊಳಗೇ ಹಲ್ಲು ಕಡಿದರು.

ಈಗ ಅವರು ಪ್ರಶ್ನೆ ಇಲ್ಲ ಎಂದರೆ ಸಾಕು, ಕಂಪನಿ ಕೇಸು ಗೆದ್ದಂತೆ. ಅಧಿಕಾರಿ ಆಗಲೇ ಬ್ಯಾಗು ಮುಚ್ಚುತ್ತಿದ್ದ. ಶಶಿಧರ್ ಹಿಂದೆ ಸರಿದರು, ಮತ್ತೆ ಮುಂದೆ ಬಂದರು. ಕಡತದಲ್ಲಿ ನೋಡಿದ, ಮಗುಚಿದ ಗಾಡಿಯ ಫೋಟೋ ಕಣ್ಣಿಗೆ ಕಟ್ಟಿತ್ತು.

"ಗಾಡಿಗೆ ಕಾಳುಮೆಣಸು ಕೊಯ್ಯೋ ಏಣಿ ಕಟ್ಟಿತ್ತಲ್ಲಮ್ಮ, ಅದನ್ನ ಹತ್ತೋರು ಯಾರು?"

ಮಗನ ಮಾತು ಬಂದದ್ದೇ ತಿಮ್ಮಮ್ಮ ಮೈಮರೆತಳು. "ನನ್ನ ಗಿರೀನೇ ಸ್ವಾಮಿ! ಅವನಷ್ಟು ಎತ್ತರ ಹತ್ತೋರು ತೋಟದಲ್ಲೇ ಇರ್ಲಿಲ್ಲ. ಮೇಲಿನ ತೋಟದ ಮೆಣಸು ಕೊಯ್ಸೋಕೆ ಅಂತ್ಲೇ ಸಾಹುಕಾರ್ರು ಕರ್ಕೊಂಡ್ ಹೋಗ್ತಿದ್ರು..." ಎಂದವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಪರಿಹಾರದ ಆದೇಶವಾಯಿತು. ಕಂಪನಿ ತನ್ನ ಕೇಸುಗಳನ್ನೆಲ್ಲ ಶಶಿಧರರಿಂದ ವಾಪಸು ತೆಗೆದುಕೊಂಡಿತು. ಅದಕ್ಕೆ ಅವರು ಅಷ್ಟು ನೊಂದುಕೊಳ್ಳಲಿಲ್ಲ. ನೊಂದದ್ದು, "ಸಾಹುಕಾರ್ರ ಎದ್ರಿಗೇ ನನ್ನ ಬಾಯಿ ಬಿಡಿಸಿಬಿಟ್ರಲ್ಲ!" ಎಂದು ತಿಮ್ಮಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಮುಖ ತಿರುಗಿಸಿ ಹೋದದ್ದಕ್ಕೆ. ಆಮೇಲೆ ಅವಳು ಬಣಕಲ್ ಭವನದ ಕಡೆಗೇ ಬರಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ ವಕೀಲರು ಮಾತಿನ ನಡುವೆ ಬಾಗಿಲು ನೋಡುತ್ತಿದ್ದರು, ಕಾಲಿಗೆ ಮೊದಲಿಗಿಂತ ಹೆಚ್ಚು ಅವಸರ.

ಕೊನೆಗೊಂದು ಭಾನುವಾರ ಬಂದಳು. ಕಾಫಿ ಒಲೆಯ ಕಡೆ ಹೋಗದೆ, ಸಲಹೆ ಕೇಳುವವರ ಬೆಂಚಿನಲ್ಲಿ ಕೂತಳು.

"ಏಣಿ ಮಾತು ಆಡಿದ್ದಕ್ಕೆ ತೋಟದ ಆಳುಗಳ ಲೈನ್ ಮನೆ ಖಾಲಿ ಮಾಡು ಅಂದ್ರು ಸಾಹುಕಾರ್ರು. ಇನ್ಯಾರ ಮರ್ಯಾದೆ ಕಾಯ್ಲಿ? ನಡೆದದ್ದೆಲ್ಲ ಹೇಳ್ತೀನಿ, ಕೇಳ್ತೀರಾ?"

ಶಶಿಧರ್ ಒಂದು ಕುರ್ಚಿ ಎಳೆದುಕೊಂಡು ಅವಳೆದುರು ಕೂತರು.

"ಹೇಳಮ್ಮ," ಅಂದರು.