ಊರಿಗೆ ಬಂದವರ ನೀರು

ನನ್ನ ತಮ್ಮನ ಬಾಯಿ ಒಳ್ಳೆಯದಲ್ಲ. ನಲ್ಲಿ ರಿಪೇರಿಗೆ ಕರೆದವರ ಮನೆಯಲ್ಲಿ ಸಿಂಕಿನ ಕೆಳಗೆ ಮಲಗಿಕೊಂಡೇ ಆ ಮನೆಯವರ ವಂಶವನ್ನೆಲ್ಲ ಬೈಯುವ ಜಾತಿ. "ಇವರ ಬಾಯಿಗೊಂದು ವಾಷರ್ ಹಾಕೋರು ಯಾರೂ ಸಿಗ್ಲಿಲ್ಲ" ಎಂದು ಅವನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ. ಆದರೂ ಕರೆಯುತ್ತಾರೆ, ಏಕೆಂದರೆ ಅವನು ಜೋಡಿಸಿದ ಪೈಪು ಸೋರುವುದಿಲ್ಲ. ನಗರಸಭೆಯ ಲೈಸೆನ್ಸೂ ಇತ್ತು.

ಗಡಿಯಾಚೆ ಯುದ್ಧ ಹತ್ತಿಕೊಂಡಾಗ ಲಾರಿಗಳಲ್ಲಿ ನಿರಾಶ್ರಿತರು ಬಂದರು. ಸರ್ಕಾರಿ ಅತಿಥಿಗೃಹದ ಹಿಂದಿನ ಹಳೆಯ ಗೋದಾಮಿನಲ್ಲಿ ಅವರನ್ನು ತುಂಬಿದರು. ಮಂತ್ರಿಗಳು ಮಕ್ಕಳನ್ನೆತ್ತಿಕೊಂಡು ಫೋಟೋ ತೆಗೆಸಿಕೊಂಡರು, ದೂರದ ದೇಶಗಳು ಹಣದ ಬದಲು ಮೆಚ್ಚುಗೆ ಕಳಿಸಿದವು. ಆಮೇಲೆ ಸಭೆ ಸೇರಿ ಜವಾಬ್ದಾರಿ ಹಂಚಿಕೊಂಡರು. ಪೈಪು ಕೇಂದ್ರದ ಪಾಲು, ನಲ್ಲಿ ರಾಜ್ಯದ್ದು, ನೀರು ನಗರಸಭೆಯದು. ನಲ್ಲಿ ಬರಲಿ, ಪೈಪು ಕೊಡುತ್ತೇವೆ ಎಂದಿತು ಕೇಂದ್ರ. ನೀರು ಬರಲಿ, ನಲ್ಲಿ ಹಾಕುತ್ತೇವೆ ಎಂದಿತು ರಾಜ್ಯ. ಪೈಪೇ ಇಲ್ಲದೆ ನೀರನ್ನು ಸೆರಗಿನಲ್ಲಿ ಕಟ್ಟಿಕೊಡಲೇ ಎಂದಿತು ನಗರಸಭೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯಿದೆ. ಪಾಪ, ಅವರು ಗೋದಾಮಿನ ಹಿಂದಿನ ಗುಂಡಿಯ ನೀರಿಗೆ ಹೋದರು.

ಅಂದಾಜುಪಟ್ಟಿಗಾಗಿ ಅಳತೆ ತೆಗೆಯಲು ನಗರಸಭೆಯ ಎಂಜಿನಿಯರ್ ತಮ್ಮನನ್ನು ಕರೆಸಿದರು. ಭಾಷೆ ಬಾರದ ಮುದುಕಿಯೊಬ್ಬಳು ವಾಂತಿಭೇದಿಯಿಂದ ಬಾಡಿದ ಪುಟ್ಟ ಮೊಮ್ಮಗಳನ್ನು ಅವನ ಮುಂದೆ ಹಿಡಿದಳು. ಗೋಡೆಯಾಚೆ ಅತಿಥಿಗೃಹದ ಹುಲ್ಲುಹಾಸಿಗೆ ನೀರು ಚಿಮ್ಮುತ್ತಿತ್ತು.

"ಸಾರ್, ಈ ಕೂಸು ಉಳಿಯಲ್ಲ. ಹುಲ್ಲಿಗೆ ಹೋಗೋ ಪೈಪು ಇಲ್ಲೇ ಗೋಡೆ ಪಕ್ಕ ಇದೆ. ಒಂದು ನಲ್ಲಿ ಕೊಡ್ಲಾ?" ಎಂದು ತಮ್ಮ ಕೇಳಿದ.

"ನಿನಗ್ಯಾಕಪ್ಪ ಊರ ಉಸಾಬರಿ? ಮುಂದಿನ ಮೀಟಿಂಗಲ್ಲಿ ಇಡ್ತೀವಿ" ಎಂದರು ಎಂಜಿನಿಯರ್.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಗೊತ್ತಿತ್ತು. ಇಲ್ಲಿ ಜಗಳವೂ ಇರಲಿಲ್ಲ. ಸಭೆಯಲ್ಲಿ ಬಿಸ್ಕತ್ತು ತಿನ್ನುತ್ತಲೇ ಕೂಸನ್ನು ಕೊಲ್ಲುತ್ತಿದ್ದರು. ಥೂ!

ತಮ್ಮ ಸೀದಾ ಮನೆಗೆ ಬಂದು ಬಚ್ಚಲ ನಲ್ಲಿಯನ್ನೇ ಬಿಚ್ಚಿದ. ಹೆಂಡತಿ ಕೂಗಾಡಿದಳು. ಸಂಜೆಯೊಳಗೆ ಹುಲ್ಲಿನ ಪೈಪು ಕೊಯ್ದು, ಗೋದಾಮಿನ ಅಂಗಳಕ್ಕೆ ನೀರು ಹರಿಸಿದ. ಕೂಗಾಡಿದವಳೇ ನೀರು ಕುದಿಸಿ, ಉಪ್ಪು ಸಕ್ಕರೆ ಬೆರೆಸಿ ಮಗುವಿಗೆ ಚಮಚದಲ್ಲಿ ಕುಡಿಸಿದಳು. ಮಗು ಚೇತರಿಸಿಕೊಂಡಿತು.

ಆದರೆ ಹುಲ್ಲು ಒಣಗಿತಲ್ಲ! ಮಗು ಬಾಡಿದಾಗ ಬಾರದಿದ್ದ ಮೂರೂ ಸರ್ಕಾರದ ಅಧಿಕಾರಿಗಳು ಒಂದೇ ಜೀಪಿನಲ್ಲಿ ಬಂದಿಳಿದರು.

"ಕೀಳೋ ಇದನ್ನ" ಎಂದರು ಎಂಜಿನಿಯರ್.

"ಕೀಳ್ತೀನಿ ಸಾರ್. ಕೀಳೋ ಖರ್ಚು ಕೇಂದ್ರದ್ದೋ, ರಾಜ್ಯದ್ದೋ, ನಗರಸಭೆದೋ? ಮೂವರೂ ಕೂತು ಹೇಳ್ಬಿಡಿ, ಸ್ಪ್ಯಾನರ್ ತರ್ತೀನಿ."

ಖರ್ಚು ಯಾರದೆಂದು ಸಭೆ ಸೇರಿ ತೀರ್ಮಾನಿಸುತ್ತೇವೆಂದು ಅವರು ಜೀಪು ಹತ್ತಿದರು. ಆ ಸಭೆ ಇನ್ನೂ ಮುಗಿದಿಲ್ಲ. ತಮ್ಮನ ಲೈಸೆನ್ಸ್ ಕಿತ್ತುಕೊಳ್ಳಲು ಮಾತ್ರ ಸಭೆ ಬೇಕಾಗಲಿಲ್ಲ, ಮರುದಿನವೇ ಕಿತ್ತುಕೊಂಡರು.

ಈಗ ಅವನಿಗೆ ಕೆಲಸ ಕಡಿಮೆ, ಬೈಗುಳ ಹೆಚ್ಚು. ಗೋದಾಮಿನ ನಲ್ಲಿ ತೊಟ್ಟಿಕ್ಕಿದರೆ ಗೊಣಗುತ್ತಲೇ ಹೋಗಿ ವಾಷರ್ ಬದಲಿಸುತ್ತಾನೆ. ಆ ಪುಟ್ಟ ಹುಡುಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿಸಿಕೊಳ್ಳುತ್ತಾಳೆ. ನಮ್ಮ ಭಾಷೆಯಲ್ಲಿ ಅವಳು ಕಲಿತಿರುವುದು ಅವನ ಬೈಗುಳಗಳನ್ನಷ್ಟೆ. ಸರ್ಕಾರದ ಜೀಪು ಕಂಡರೆ ಒಂದನ್ನೂ ಬಿಡದೆ ಹೇಳುತ್ತಾಳೆ.